ಪಟ್ಟಣ ರಸ್ತೆಗಳಲ್ಲಿ ಕಡಿಮೆ ವೇಗಮಿತಿ ಹಾಗೂ ಸೈಕಲ್ ಸವಾರರ ಸುರಕ್ಷತೆ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣಗಳ ಮುಖ್ಯ ರಸ್ತೆಗಳು ಪೇಟೆಬೀದಿಗಳೂ ಹೌದು, ದೂರದ ಊರುಗಳಿಗೆ ಸಾಗುವ ಹೆದ್ದಾರಿಗಳೂ ಹೌದು. ಅಂಕೋಲಾ ಮತ್ತು ಹುಬ್ಬಳ್ಳಿಗಳ ನಡುವಣ ರಾಷ್ಟ್ರೀಯ ಹೆದ್ದಾರಿ 52 ಯಲ್ಲಾಪುರದ ಮೂಲಕ ಹಾದುಹೋಗುತ್ತದೆ. ಕುಮಟಾದಿಂದ ಘಟ್ಟ ಹತ್ತಿ ಬರುವ ವಾಹನಗಳು ಶಿರಸಿಯನ್ನು ಪ್ರವೇಶಿಸುತ್ತವೆ. ಜೋಗ ಜಲಪಾತಕ್ಕೆ ತೆರಳುವ ಪ್ರವಾಸಿಗರ ವಾಹನಗಳಲ್ಲಿ ಅನೇಕವು ಸಿದ್ದಾಪುರದ ದಾರಿ ಹಿಡಿಯುತ್ತವೆ. ಇದೇ ರಸ್ತೆಗಳಲ್ಲಿ ಶಾಲಾ ಮಕ್ಕಳು, ಹಾಲು ಹಾಗೂ ಪತ್ರಿಕೆ ವಿತರಿಸುವವರು, ಕೂಲಿ ಕಾರ್ಮಿಕರು ಸೈಕಲ್ ತುಳಿಯುತ್ತಾರೆ. ಈ ಪಟ್ಟಣಗಳ ಒಳಭಾಗದಲ್ಲಿ ವೇಗಮಿತಿಯನ್ನು ತಗ್ಗಿಸುವಂತೆ ಕೋರಲು ಸಾರ್ವಜನಿಕರಿಗೆ ಇರುವ ಅವಕಾಶ, ಅದರ ಕಾನೂನು ಆಧಾರ ಮತ್ತು ಅರ್ಜಿಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವೇಗಮಿತಿ ಏಕೆ ತಗ್ಗಬೇಕು

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಈ ಸಾವುಗಳಲ್ಲಿ ಶೇ. 71ರಷ್ಟು ಅತಿವೇಗದ ಕಾರಣದಿಂದ ಸಂಭವಿಸಿದವೆಂದು ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ದಾಖಲಿಸಿದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಸಂಭವ ಸುಮಾರು ಶೇ. 4ರಷ್ಟು ಹೆಚ್ಚುವುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾದುದು. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡ್ ಬೇಕಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದ ವಾಹನವು ಆ ಒಂದು ಸೆಕೆಂಡಿನಲ್ಲಿ 8 ಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಸಾಗಿ, ಒಣ ರಸ್ತೆಯಲ್ಲಿ ಒಟ್ಟು 13 ಮೀಟರ್‌ನಷ್ಟರಲ್ಲಿ ನಿಲ್ಲುತ್ತದೆ. ಗಂಟೆಗೆ 50 ಕಿ.ಮೀ. ವೇಗದ ವಾಹನವು ಅದೇ ಒಂದು ಸೆಕೆಂಡಿನಲ್ಲಿಯೇ ಸುಮಾರು 14 ಮೀಟರ್ ಸಾಗಿರುತ್ತದೆ. ಅಂದರೆ, ಮೊದಲನೆಯ ವಾಹನ ನಿಂತುಬಿಟ್ಟಿರುವ ಸ್ಥಳದಲ್ಲಿ ಎರಡನೆಯದರ ಬ್ರೇಕ್ ಇನ್ನೂ ಹಿಡಿಯಲಾರಂಭಿಸಿರುವುದಿಲ್ಲ. ಅಲ್ಲಿ ಸೈಕಲ್ ಸವಾರನಿದ್ದರೆ ಪೂರ್ಣ ವೇಗದಲ್ಲಿಯೇ ಆತನಿಗೆ ಬಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಅಂತರ ಇನ್ನಷ್ಟು ಹಿಗ್ಗುವುದು. ಒದ್ದೆ ರಸ್ತೆಯಲ್ಲಿ 30ರ ವೇಗದ ವಾಹನ ನಿಲ್ಲಲು ಅಂದಾಜು 17 ಮೀಟರ್, 50ರ ವೇಗದ ವಾಹನಕ್ಕೆ ಅಂದಾಜು 38 ಮೀಟರ್ ಬೇಕು. ಇಳಿಜಾರಿನಲ್ಲಿ ಇದಕ್ಕೂ ಹೆಚ್ಚು.

ವೇಗ ತಗ್ಗಿಸಿದರೆ ಸಮಯ ವ್ಯರ್ಥವಾಗುವುದೆಂಬ ಆಕ್ಷೇಪಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಪಟ್ಟಣದೊಳಗಿನ 2 ಕಿ.ಮೀ. ದೂರವನ್ನು ಎಲ್ಲಿಯೂ ನಿಲ್ಲದೆ 50ರ ವೇಗದಲ್ಲಿ ಕ್ರಮಿಸಲು 2 ನಿಮಿಷ 24 ಸೆಕೆಂಡ್, 30ರ ವೇಗದಲ್ಲಿ 4 ನಿಮಿಷ ಬೇಕು. ವ್ಯತ್ಯಾಸ 96 ಸೆಕೆಂಡ್ ಮಾತ್ರ. ಶಿರಸಿಯ ಐದು ರಸ್ತೆ ವೃತ್ತವನ್ನು ಸಂಜೆಯ ವೇಳೆ ದಾಟುವವರಿಗೆ ನಿಲ್ಲದೆ ಸಾಗುವುದೇ ಅಪರೂಪವಾದ್ದರಿಂದ, ನೈಜ ವ್ಯತ್ಯಾಸ ಇದಕ್ಕಿಂತಲೂ ಕಡಿಮೆ.

ಸೈಕಲ್ ಸವಾರರು ಮತ್ತು ಮೋಟಾರು ವಾಹನಗಳು ಒಂದೇ ರಸ್ತೆಯನ್ನು ಬಳಸುವಲ್ಲಿ ಗರಿಷ್ಠ ವೇಗ 30 ಕಿ.ಮೀ. ಇರತಕ್ಕದ್ದೆಂದು 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಶಿಫಾರಸು ಮಾಡಿದೆ. ಸ್ಪೇನ್ ದೇಶವು 2021ರ ಮೇ ತಿಂಗಳಿನಿಂದ, ಪ್ರತಿ ದಿಕ್ಕಿಗೆ ಒಂದೇ ಪಥವಿರುವ ನಗರ ರಸ್ತೆಗಳಲ್ಲಿ ಇದೇ ಮಿತಿಯನ್ನು ಜಾರಿಗೊಳಿಸಿದೆ. ನಮ್ಮ ಮೂರು ಪಟ್ಟಣಗಳ ಹೆಚ್ಚಿನ ರಸ್ತೆಗಳು ಈ ವರ್ಗಕ್ಕೇ ಸೇರುತ್ತವೆ.

ಕಾನೂನಿನ ಆಧಾರ

ಕೇಂದ್ರ ಸರ್ಕಾರವು 2018ರ ಏಪ್ರಿಲ್ 6ರ ಅಧಿಸೂಚನೆಯಲ್ಲಿ ಪೌರ ಪ್ರದೇಶದ ರಸ್ತೆಗಳಿಗೆ ಕಾರುಗಳಿಗೆ 70, ದ್ವಿಚಕ್ರ ವಾಹನಗಳಿಗೆ ಹಾಗೂ ಲಾರಿ, ಬಸ್ಸುಗಳಿಗೆ 60, ಆಟೋರಿಕ್ಷಾಗಳಿಗೆ 50 ಕಿ.ಮೀ. ಗರಿಷ್ಠ ಮಿತಿಯನ್ನು ನಿಗದಿಪಡಿಸಿತು. ಇವು ಗರಿಷ್ಠ ಮಿತಿಗಳೇ ಹೊರತು ಆ ವೇಗದಲ್ಲಿ ಓಡಿಸಬೇಕೆಂಬ ಆದೇಶವಲ್ಲ. ಚನ್ನಪಟ್ಟಣ ಬಜಾರಿನಂತಹ ಇಕ್ಕಟ್ಟಾದ ಪೇಟೆಗೆ 60 ಎಂಬ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 112(2)ರ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರವು ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರ್ದಿಷ್ಟ ಪ್ರದೇಶಕ್ಕೆ ಅಥವಾ ನಿರ್ದಿಷ್ಟ ರಸ್ತೆಗೆ ಕಡಿಮೆ ಮಿತಿಯನ್ನು ಗೊತ್ತುಪಡಿಸಬಹುದು. ಇದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹಾಗೂ ಕಲಂ 116ರಡಿ ಸೂಚನಾ ಫಲಕ ಎರಡೂ ಅವಶ್ಯ. ಫಲಕವಿಲ್ಲದ ಆದೇಶ ಕಡತದಲ್ಲಿ ಉಳಿಯುತ್ತದೆ. ಆದೇಶವಿಲ್ಲದೆ ಯಾರೋ ನೆಟ್ಟ ಫಲಕದ ಆಧಾರದ ಮೇಲೆ ದಂಡ ವಿಧಿಸಲಾಗದು. ನಿರ್ಬಂಧದ ಅವಧಿ ಒಂದು ತಿಂಗಳನ್ನು ಮೀರದಿದ್ದಲ್ಲಿ ಅಧಿಸೂಚನೆಯ ಅಗತ್ಯವಿಲ್ಲವೆಂದು ಅದೇ ಕಲಮಿನ ಪರಂತುಕ ಹೇಳುತ್ತದೆ. ಹೆಚ್ಚಿನ ಅರ್ಜಿದಾರರು ಈ ಪರಂತುಕವನ್ನು ಗಮನಿಸುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಜರುಗುವ ಶ್ರೀ ಮಾರಿಕಾಂಬಾ ಜಾತ್ರೆಯ ದಿನಗಳಿಗೆ ಅಥವಾ ಶಾಲೆಗಳು ಆರಂಭವಾಗುವ ಜೂನ್ ತಿಂಗಳಿಗೆ ತಾತ್ಕಾಲಿಕ ಮಿತಿಯನ್ನು ಪ್ರಾಯೋಗಿಕವಾಗಿ ಕೋರಲು ಇದು ಅನುಕೂಲಕರ.

ಮಿತಿಮೀರಿದ ವೇಗಕ್ಕೆ ಕಲಂ 183ರಡಿ ಲಘು ವಾಹನಗಳಿಗೆ ರೂ. 1,000ದಿಂದ 2,000ದವರೆಗೆ, ಮಧ್ಯಮ ಮತ್ತು ಭಾರಿ ವಾಹನಗಳಿಗೆ ರೂ. 2,000ದಿಂದ 4,000ದವರೆಗೆ ದಂಡವಿದೆ. ಆದರೆ ಯಂತ್ರದ ಆಧಾರವಿಲ್ಲದೆ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲೆ ಮಾತ್ರ ಯಾರನ್ನೂ ಅತಿವೇಗಕ್ಕಾಗಿ ಶಿಕ್ಷಿಸುವಂತಿಲ್ಲ.

ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಉತ್ತರ ಕನ್ನಡ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು, ಕಾರವಾರ, ಇವರನ್ನು ಉದ್ದೇಶಿಸಿ ಬರೆಯತಕ್ಕದ್ದು. ಪ್ರತಿಯನ್ನು ಶಿರಸಿಯ ಸಾರಿಗೆ ಕಚೇರಿ, ಸಂಬಂಧಿಸಿದ ಪೊಲೀಸ್ ಠಾಣೆ, ಪಟ್ಟಣದ ಸ್ಥಳೀಯ ಸಂಸ್ಥೆ ಹಾಗೂ ರಸ್ತೆಯ ಒಡೆತನ ಹೊಂದಿರುವ ಇಲಾಖೆಗೆ ನೀಡುವುದು ಸೂಕ್ತ. ರಸ್ತೆಯು ಯಾರಿಗೆ ಸೇರಿದೆಯೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯ ಕುರಿತು ಸ್ಥಳೀಯ ಸಂಸ್ಥೆಗೆ ಮಾತ್ರ ಬರೆದರೆ ಅರ್ಜಿಯು ಕಚೇರಿಯಿಂದ ಕಚೇರಿಗೆ ವರ್ಗವಾಗುವುದರಲ್ಲಿಯೇ ತಿಂಗಳುಗಳು ಕಳೆಯುತ್ತವೆ.

ಅರ್ಜಿಯಲ್ಲಿ ರಸ್ತೆಯ ಹೆಸರು, ಮಿತಿ ಆರಂಭವಾಗಬೇಕಾದ ಮತ್ತು ಮುಗಿಯಬೇಕಾದ ಸ್ಥಳ, ಶಾಲೆ ಅಥವಾ ಸಂತೆಯ ವೇಳೆ, ರಸ್ತೆಯ ಅಗಲ, ತಿರುವು ಅಥವಾ ಇಳಿಜಾರಿನ ವಿವರ ಇರಲಿ. ಹಿಂದೆ ಅಪಘಾತಗಳು ಸಂಭವಿಸಿದ್ದಲ್ಲಿ ದಿನಾಂಕ ಹಾಗೂ ಪ್ರಥಮ ವರ್ತಮಾನ ವರದಿಯ ಸಂಖ್ಯೆಯನ್ನು ನಮೂದಿಸಬೇಕು. ಶಾಲೆಯ ಎದುರಿನ ರಸ್ತೆಯಾಗಿದ್ದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವನ್ನು ಲಗತ್ತಿಸುವುದರಿಂದ ಬಲ ಬರುತ್ತದೆ. ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಗಂಟೆ ಎಷ್ಟು ಸೈಕಲ್‌ಗಳು ಸಾಗಿದವೆಂದು ಎಣಿಸಿ ಬರೆದ ಕೋಷ್ಟಕವು, ನೂರು ಸಹಿಗಳ ಮನವಿಗಿಂತ ಹೆಚ್ಚು ಉಪಯುಕ್ತ.

ಟಪಾಲು ಶಾಖೆಯಿಂದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಹಿಂಬರಹ ಬಾರದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಸಮಿತಿಯ ಸಭಾ ನಡವಳಿಯ ಪ್ರತಿಯನ್ನು ಕೋರಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಬಹುತೇಕ ಅರ್ಜಿಗಳು ವೇಗಮಿತಿಯ ಬದಲಿಗೆ ರಸ್ತೆ ಉಬ್ಬು, ಅಂದರೆ ಹಂಪ್, ಬೇಕೆಂದು ಕೋರುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿರಬೇಕು. ಜನರೇ ರಾತ್ರೋರಾತ್ರಿ ಹಾಕಿದ ಚೂಪಾದ ಉಬ್ಬುಗಳು ಮೊದಲು ಬೀಳಿಸುವುದು ಸೈಕಲ್ ಸವಾರರನ್ನೇ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಉಬ್ಬುಗಳನ್ನು ತೆಗೆಯುವಂತೆ ಕೇಂದ್ರ ಸಚಿವಾಲಯ 2016ರಲ್ಲಿಯೇ ಸೂಚಿಸಿದೆ.

ರಸ್ತೆ ಹಂಚಿಕೊಳ್ಳುವಾಗ

ಸೈಕಲ್ ಚಲಾಯಿಸಲು ಪರವಾನಿಗೆಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಆದರೂ ಸೈಕಲ್ ಸವಾರರು ರಸ್ತೆಯ ನ್ಯಾಯಬದ್ಧ ಬಳಕೆದಾರರು. ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ್ದ ಉಚಿತ ಸೈಕಲ್ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡಲಾಯಿತು. ಸೈಕಲ್ ಅಪಾಯವೆಂದು ಭಾವಿಸಿ ಅಪ್ರಾಪ್ತ ಮಕ್ಕಳ ಕೈಗೆ ಬೈಕ್ ಕೊಡುವ ಪಾಲಕರು ಕಲಂ 199ಎ ಗಮನಿಸಬೇಕು: ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 25,000 ದಂಡ.

ಸೈಕಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡುವುದು ಒಳಿತು. ಜರ್ಮನಿಯಲ್ಲಿ ಪಟ್ಟಣದೊಳಗೆ ಇದು 2020ರಿಂದ ಕಡ್ಡಾಯ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ನಿಧಾನವಾಗಿ ಸಾಗಬೇಕು. ಸೈಕಲ್‌ನ ಬೆನ್ನಿಗೆ ಹಾರ್ನ್ ಬಾರಿಸಬಾರದು. ಬೆದರಿದ ಮಗು ಯಾವ ಕಡೆಗೆ ವಾಲುವುದೆಂದು ಹೇಳಲಾಗದು. ರಸ್ತೆಯಂಚಿನ ಹೊಂಡ ತಪ್ಪಿಸಲು ಸೈಕಲ್ ಸವಾರರು ಬಲಕ್ಕೆ ಸರಿಯುವುದು ಸಹಜವೆಂಬುದನ್ನು ಚಾಲಕರು ಮೊದಲೇ ನಿರೀಕ್ಷಿಸಬೇಕು. ಸವಾರರು ಎಡಬದಿಯಲ್ಲಿಯೇ ಸಾಗಬೇಕು. ಹಿಂದೆ ಕೆಂಪು ಪ್ರತಿಫಲಕ, ಮುಂದೆ ದೀಪ ಇರಲಿ. ಮಳೆಗಾಲದಲ್ಲಿ ಕಪ್ಪು ರೇನ್‌ಕೋಟ್ ಬದಲು ಹಳದಿ ಬಣ್ಣದ್ದು ಮೇಲು. ಒಂದು ಕೈಯಲ್ಲಿ ಕೊಡೆ ಹಿಡಿದು ತುಳಿಯುವ ರೂಢಿಯನ್ನು ಬಿಡಬೇಕು.

ಅಪಘಾತ ಸಂಭವಿಸಿದಲ್ಲಿ

ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112 ಸಂಖ್ಯೆಗೆ ಕರೆ ಮಾಡಬೇಕು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಕಲಂ 134ಎ ರಕ್ಷಣೆ ನೀಡುತ್ತದೆ. 2025ರ ಮೇ 5ರಂದು ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಮೋಟಾರು ವಾಹನದಿಂದ ಗಾಯಗೊಂಡವರು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ಚಿಕಿತ್ಸೆ ಪಡೆಯಲು ಅರ್ಹರು. ಸೈಕಲ್ ಸವಾರರಿಗೂ ಇದು ಅನ್ವಯಿಸುತ್ತದೆ. ಡಿಕ್ಕಿ ಹೊಡೆದ ವಾಹನ ಪರಾರಿಯಾಗಿ ಪತ್ತೆಯಾಗದಿದ್ದಲ್ಲಿ, ಕಲಂ 161ರಡಿ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದೆ. ಇದಕ್ಕೆ ತಾಲೂಕಿನ ತಹಶೀಲ್ದಾರರ ಅಥವಾ ಶಿರಸಿಯ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ, ಪ್ರಥಮ ವರ್ತಮಾನ ವರದಿ ಹಾಗೂ ವೈದ್ಯಕೀಯ ದಾಖಲೆಗಳೊಂದಿಗೆ ತಡಮಾಡದೆ ಅರ್ಜಿ ಸಲ್ಲಿಸಲು ಕೋರಲಾಗಿದೆ.