ಚಾಂಪಿಯನ್ ಮರೆತುಹೋದ ಸೀಸನ್

1981ರ ಇಂಟರ್‌ನ್ಯಾಷನಲ್ ಲೀಗ್ ಗೆದ್ದವರು ಯಾರು ಎಂದರೆ ಬೇಸ್‌ಬಾಲ್ ಅರೆದು ಕುಡಿದ ಅಮೆರಿಕನ್ನರೂ ತಡವರಿಸಬಹುದು. ಗೆದ್ದದ್ದು ಕೊಲಂಬಸ್ ಕ್ಲಿಪ್ಪರ್ಸ್. ಆದರೆ ಆ ಸೀಸನ್ನಿನ ಮಾತು ಬಂದಾಗ ಜನ ನೆನೆಯುವುದು ರೋಡ್ ಐಲೆಂಡ್ ರಾಜ್ಯದ ಪಟಕೆಟ್‌ನಲ್ಲಿ ಏಪ್ರಿಲ್ 18ರ ರಾತ್ರಿ ಶುರುವಾಗಿ ಜೂನ್ 23ರಂದು ಮುಗಿದ ಒಂದು ಪಂದ್ಯವನ್ನು. ಅಂಕಪಟ್ಟಿಯಲ್ಲಿ ಅದಕ್ಕಿದ್ದ ಬೆಲೆ ಒಂದೇ ಒಂದು ಗೆಲುವು.

ಮೈನರ್ ಲೀಗ್ ತಂಡಗಳು ಮೇಜರ್ ಲೀಗ್‌ಗೆ ಆಟಗಾರರನ್ನು ಪಳಗಿಸಿ ಕೊಡುವ ಗರಡಿಮನೆಗಳು. ಅದರಲ್ಲಿ ಇಂಟರ್‌ನ್ಯಾಷನಲ್ ಲೀಗ್ ಇರುವ ಟ್ರಿಪಲ್ ಎ ಕೊನೆಯ ಮೆಟ್ಟಿಲು. ಆ ಪಂದ್ಯದಲ್ಲಿ ಎದುರಾದ ಪಟಕೆಟ್ ರೆಡ್ ಸಾಕ್ಸ್ ಆಗ ಬಾಸ್ಟನ್ನಿನ ಗರಡಿ, ರಾಚೆಸ್ಟರ್ ರೆಡ್ ವಿಂಗ್ಸ್ ಬಾಲ್ಟಿಮೋರ್‌ನದ್ದಾಗಿತ್ತು. ಇಲ್ಲಿ ಆಡುವವರು ಮೇಲಿನಿಂದ ಕರೆ ಬರುವುದನ್ನೇ ಕಾಯುತ್ತಿರುತ್ತಾರೆ. ಮೇಲೆ ಹೋಗಿ ವಾಪಸು ಇಳಿದವರೂ ಇರುತ್ತಾರೆ.

ಪಟಕೆಟ್ ಬಟ್ಟೆ ಗಿರಣಿಗಳ ಊರು. 1793ರ ಸ್ಲೇಟರ್ ಮಿಲ್ ಇನ್ನೂ ಅಲ್ಲಿ ನಿಂತಿದೆ. 1981ರ ಹೊತ್ತಿಗೆ ಆ ಗಿರಣಿಗಳ ಕಾಲ ಮುಗಿದಿತ್ತು. ಜೌಗು ನೆಲದ ಮೇಲೆ 1942ರಲ್ಲಿ ಕಟ್ಟಿದ ಮೆಕಾಯ್ ಕ್ರೀಡಾಂಗಣದಲ್ಲಿ ಆಟಗಾರರು ಕೂರುವ ಜಾಗ ಪ್ರೇಕ್ಷಕರ ಕಾಲಕೆಳಗಿತ್ತು. ಹಾಗಾಗಿ ಹುಡುಗರು ಪ್ಲಾಸ್ಟಿಕ್ ಹಾಲಿನ ಡಬ್ಬಿಯನ್ನು ಕತ್ತರಿಸಿ, ಒಳಗೆ ಚೆಂಡು ಮತ್ತು ಪೆನ್ನು ಇಟ್ಟು, ದಾರ ಕಟ್ಟಿ ಇಳಿಬಿಡುತ್ತಿದ್ದರು. ಸಹಿ ಬಿದ್ದ ಮೇಲೆ ಎಳೆದುಕೊಳ್ಳುವುದು. ದಿವಾಳಿಯಾಗಿದ್ದ ತಂಡವನ್ನು 1977ರಲ್ಲಿ ಕೊಂಡು ಉಳಿಸಿದವರು ಜವಳಿ ಉದ್ಯಮಿ ಬೆನ್ ಮಾಂಡರ್.

ಆ ಶನಿವಾರ ದೀಪಗಳು ಕೈಕೊಟ್ಟು ಆಟ ಅರ್ಧ ಗಂಟೆ ತಡವಾಯಿತು. ಬಂದಿದ್ದವರು 1,740 ಮಂದಿ. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಡ್ರಾ ಎಂಬುದಿಲ್ಲ. ಒಂಬತ್ತು ಇನಿಂಗ್ಸ್‌ಗೆ ತೀರ್ಮಾನವಾಗದಿದ್ದರೆ ಆಡುತ್ತಲೇ ಹೋಗಬೇಕು. (1939ರ ಡರ್ಬನ್ ಟೆಸ್ಟ್‌ಗೂ ಕಾಲಮಿತಿ ಇರಲಿಲ್ಲ. ಇಂಗ್ಲೆಂಡ್ ತಂಡಕ್ಕೆ ಹಡಗು ತಪ್ಪುತ್ತದೆಂದು ಅದನ್ನು ಡ್ರಾ ಮಾಡಬೇಕಾಯಿತು.) ಒಂಬತ್ತರ ಕೊನೆಗೆ 1–1. ಇಪ್ಪತ್ತೊಂದನೇ ಇನಿಂಗ್ಸ್‌ನಲ್ಲಿ ರಾಚೆಸ್ಟರ್ ಒಂದು ರನ್ ಮುಂದೆ ಹೋಯಿತು. ಇನ್ನೇನು ಮನೆಗೆ ಹೊರಡಬಹುದು ಎನ್ನುವಾಗ ಪಟಕೆಟ್‌ನ ವೇಡ್ ಬಾಗ್ಸ್ ಹೊಡೆದ ಡಬಲ್‌ಗೆ ಡೇವ್ ಕೋಝಾ ಓಡಿ ಬಂದು ಮತ್ತೆ ಸಮ ಮಾಡಿದರು. ಅಪ್ಪಿಕೊಳ್ಳಬೇಕೋ ಗುದ್ದಬೇಕೋ ಎಂಬ ಗೊಂದಲ ಬಾಗ್ಸ್‌ರ ಜೊತೆಗಾರರದು.

ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನು ಪೀಪಾಯಿಗೆ ಹಾಕಿ ಬೆಂಕಿ ಹಚ್ಚಿದರು. ಇಪ್ಪತ್ತೆರಡನೇ ಇನಿಂಗ್ಸ್‌ನಲ್ಲಿ ಹೊರದಬ್ಬಿಸಿಕೊಂಡ ಪಟಕೆಟ್ ಮ್ಯಾನೇಜರ್ ಜೋ ಮಾರ್ಗನ್ ಉಳಿದ ಆಟವನ್ನು ಒಂದು ಕಿಂಡಿಯಿಂದ ಇಣುಕಿ ನೋಡಿದರು. ತನ್ನ ಪಾಳಿ ಮುಗಿಸಿ ನಸುಕಿಗೆ ಮನೆ ಸೇರಿದ ಪಿಚರ್ ಲೂಯಿಸ್ ಅಪಾಂಟೆಗೆ ಹೆಂಡತಿಯಿಂದ ತನಿಖೆ: ಇಷ್ಟು ಹೊತ್ತು ಆಟವಾಡುತ್ತಿದ್ದೆ ಎಂದರೆ ಯಾರು ನಂಬುತ್ತಾರೆ?

ಇದೆಲ್ಲ ಆಗಲೇಬೇಕಿರಲಿಲ್ಲ. ರಾತ್ರಿ 12:50ರ ನಂತರ ಹೊಸ ಇನಿಂಗ್ಸ್ ಶುರುಮಾಡಬಾರದೆಂಬ ನಿಯಮ ಲೀಗ್‌ನಲ್ಲಿತ್ತು. ಅಂಪೈರ್‌ಗಳ ಕೈಯಲ್ಲಿದ್ದ ಪುಸ್ತಕದಲ್ಲಿ ಮಾತ್ರ ಅದು ಬಿಟ್ಟುಹೋಗಿತ್ತು. ಲೀಗ್ ಅಧ್ಯಕ್ಷ ಹೆರಾಲ್ಡ್ ಕೂಪರ್ ಫೋನಿಗೆ ಸಿಕ್ಕಿ, ನಿಲ್ಲಿಸಿ ಎಂದು ಹೇಳುವಷ್ಟರಲ್ಲಿ 32 ಇನಿಂಗ್ಸ್ ಕಳೆದು, ಸ್ಕೋರ್ 2–2 ಆಗಿತ್ತು. ಗಂಟೆ ಬೆಳಗಿನ 4:07, ಈಸ್ಟರ್ ಭಾನುವಾರ. ಉಳಿದಿದ್ದ 19 ಪ್ರೇಕ್ಷಕರಿಗೆ ಸೀಸನ್ ಪಾಸ್ ಸಿಕ್ಕಿತು.

ಜೂನ್‌ನಲ್ಲಿ ರಾಚೆಸ್ಟರ್ ಮತ್ತೆ ಪಟಕೆಟ್‌ಗೆ ಬರುವ ಹೊತ್ತಿಗೆ ಮೇಜರ್ ಲೀಗ್ ಆಟಗಾರರು ಮುಷ್ಕರ ಹೂಡಿದ್ದರು. ಜೂನ್ 12ರಿಂದ ದೊಡ್ಡ ಮೈದಾನಗಳೆಲ್ಲ ಖಾಲಿ. ಬರೆಯಲು ಏನೂ ಇಲ್ಲದೆ ಕೂತಿದ್ದ ವರದಿಗಾರರು ಪಟಕೆಟ್‌ಗೆ ಮುಗಿಬಿದ್ದರು. ಮುಷ್ಕರ ಇರದಿದ್ದರೆ ಈ ಪಂದ್ಯ ಪತ್ರಿಕೆಯ ಮೂಲೆಯ ನಾಲ್ಕು ಸಾಲಿಗೆ ಇಳಿದುಬಿಡುತ್ತಿತ್ತು. 5,746 ಪ್ರೇಕ್ಷಕರೆದುರು ಆಟ ನಡೆದದ್ದು 18 ನಿಮಿಷ. ಮೂವತ್ತಮೂರನೇ ಇನಿಂಗ್ಸ್‌ನಲ್ಲಿ ಮಾರ್ಟಿ ಬ್ಯಾರೆಟ್‌ಗೆ ಚೆಂಡು ತಗುಲಿ ಬೇಸ್ ಸಿಕ್ಕಿತು. ಕೋಝಾ ಹೊಡೆದ ಸಿಂಗಲ್‌ಗೆ ಬ್ಯಾರೆಟ್ ಓಡಿ ಬಂದರು. ಪಟಕೆಟ್‌ಗೆ 3–2 ಗೆಲುವು. ಒಟ್ಟು ಆಟದ ಹೊತ್ತು 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಪಂದ್ಯ ಇನ್ನೊಂದಿಲ್ಲ.

ಎರಡೂ ತಂಡಗಳ ಮೂರನೇ ಬೇಸ್ ಕಾಯುತ್ತಿದ್ದವರು ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಪಟಕೆಟ್‌ನ ಬಾಗ್ಸ್ 2005ರಲ್ಲಿ, ರಾಚೆಸ್ಟರ್‌ನ ಕ್ಯಾಲ್ ರಿಪ್ಕೆನ್ ಜೂನಿಯರ್ 2007ರಲ್ಲಿ. ರಿಪ್ಕೆನ್‌ಗಂತೂ ಮುಷ್ಕರ ಮುಗಿದ ಬೆನ್ನಿಗೇ, ಆ ಆಗಸ್ಟ್‌ನಲ್ಲೇ ಕರೆ ಬಂತು. ರಾಚೆಸ್ಟರ್ ಪರ ಹತ್ತು ಇನಿಂಗ್ಸ್ ರನ್ ಕೊಡದೆ ಎಸೆದ ಜಿಮ್ ಅಂಬಾರ್ಗರ್ ಟೆಕ್ಸಸ್ ಪರ ಮೇಜರ್ ಲೀಗ್ ಆಡಿ ಕೆಳಗಿಳಿದು ಬಂದಿದ್ದವರು. ಪಂದ್ಯ ಗೆಲ್ಲಿಸಿದ ಕೋಝಾಗೆ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ.

2020ರ ಸೀಸನ್ ಕೊರೊನಾಕ್ಕೆ ಬಲಿಯಾಯಿತು. ಮರುವರ್ಷ ತಂಡ ಪಟಕೆಟ್ ಬಿಟ್ಟು ನೆರೆರಾಜ್ಯದ ವೂಸ್ಟರ್‌ಗೆ ಹೋಯಿತು. ಅದಕ್ಕೂ ಮೊದಲೇ, 2018ರಲ್ಲಿ, ಮೈನರ್ ಲೀಗ್‌ಗಳು ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರನನ್ನು ನಿಲ್ಲಿಸಿಕೊಂಡೇ ಆಟ ಶುರುಮಾಡುವ ನಿಯಮ ತಂದಿದ್ದವು. ಈಗ ಹೆಚ್ಚುವರಿ ಇನಿಂಗ್ಸ್‌ನ ಆಟಗಳು ಬೇಗ ಮುಗಿಯುತ್ತವೆ.