ಕೋಬಾ: ಜತ್ತ ಸೀಮೆಯಲ್ಲಿ ನೆಲದ ಮಟ್ಟ ಮತ್ತು ಅದರ ಮಾತು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಕ್ಕೆ, ವಿಜಯಪುರ ಜಿಲ್ಲೆಯ ಗಡಿಗೆ ತಾಗಿದಂತಿರುವ ತಿಕೋಂಡಿ, ಸಂಖ, ಉಮದಿ ಮೊದಲಾದ ಊರುಗಳ ಮನೆಮಾತು ಕನ್ನಡ. ಕಚೇರಿಯ ಮಾತು ಮರಾಠಿ. ಈ ಎರಡರ ನಡುವೆ ಮೂರನೆಯದೊಂದು ಮಾತಿದೆ: ಕಟ್ಟಡ ಕಟ್ಟುವ ಗೌಂಡಿಯ ಮಾತು. ಅದರಲ್ಲಿ ಸಿಮೆಂಟಿನ ನೆಲಕ್ಕೆ ‘ಕೋಬಾ’ ಎಂದು ಹೆಸರು. ಮರಾಠಿ ಬಲ್ಲವರಿಗೆ ಇದು ಹೊಸ ಶಬ್ದವಲ್ಲ. ಮುಂಬಯಿಯ ಕಟ್ಟಡಗಳಲ್ಲಿ ಇಟ್ಟಿಗೆಯ ಚೂರು ಹಾಸಿ ಸೋರದಂತೆ ಮಾಡುವ ಮಾಳಿಗೆಯ ಹೊದಿಕೆಗೂ ಇದೇ ಹೆಸರು. ಶಬ್ದದ ಮೂಲ ಪಾರಸಿ. ಬಡಿ, ಕುಟ್ಟು ಎಂಬ ಅರ್ಥದ ‘ಕೋಬೀದನ್’ ಧಾತುವಿನಿಂದ ಹುಟ್ಟಿದ ‘ಕೋಬಾ’ ಎಂದರೆ ಕುಟ್ಟುವ ಕೊಡತಿ. ಸುಣ್ಣದ ಗಾರೆಯ ನೆಲವನ್ನು ಕೊಡತಿಯಿಂದ ದಿನಗಟ್ಟಲೆ ಕುಟ್ಟಿ ಗಟ್ಟಿಗೊಳಿಸುತ್ತಿದ್ದ ಕಾಲದಲ್ಲಿ ಉಪಕರಣದ ಹೆಸರು ಅದು ರೂಪಿಸಿದ ನೆಲಕ್ಕೆ ಅಂಟಿಕೊಂಡಿತು. ಇಂದಿನ ಕೋಬಾವನ್ನು ಯಾರೂ ಕುಟ್ಟುವುದಿಲ್ಲ; ಹಿಡಿತ ಬಂದ ಸಿಮೆಂಟನ್ನು ಕುಟ್ಟಿದರೆ ಅದು ಕೆಡುತ್ತದೆ. ಕೊಡತಿ ಹೋಗಿದೆ, ಹೆಸರು ನೆಲದಲ್ಲಿ ಉಳಿದಿದೆ.

ಗಡಿಭಾಗದ ಭಾಷಾಚರಿತ್ರೆಯನ್ನು ಬರೆಯುವಾಗ ನಾವು ಶಾಸನ, ಊರಹೆಸರು, ಜನಗಣತಿ ಇವುಗಳ ಕಡೆಗೆ ನೋಡುತ್ತೇವೆ. ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಹಾಕಿಕೊಟ್ಟ ದಾರಿ ಅದು, ಮತ್ತು ಫಲ ಕೊಟ್ಟ ದಾರಿ. ಆದರೆ ಕೈಕಸುಬಿನ ಮಾತು ಆ ದಾರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ನೆಲವನ್ನು ಸಮಗೊಳಿಸುವ ಕಲೆಯೊಂದನ್ನೇ ಹಿಡಿದು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಉಪಕರಣಗಳ ಹೆಸರುಗಳು ಬಹುಮಟ್ಟಿಗೆ ಮರಾಠಿ, ಪಾರಸಿ, ಇಂಗ್ಲಿಷುಗಳಿಂದ ಬಂದವು. ನೆಲ ಸರಿಯಾಯಿತೇ ಇಲ್ಲವೇ ಎಂದು ತೀರ್ಮಾನಿಸುವ ಮಾತುಗಳು ಮಾತ್ರ, ಅಂದರೆ ಮಟ್ಟ, ಹದ, ಓರೆ, ತಗ್ಗು, ದಿನ್ನಿ ಮೊದಲಾದವು, ಕನ್ನಡದವಾಗಿಯೇ ಉಳಿದವು. ಈ ಭೇದ ಹೇಗೆ ಉಂಟಾಯಿತು ಎಂಬುದು ಇಲ್ಲಿನ ವಿಚಾರ.

ಸಿಮೆಂಟಿಗೂ ಸುಣ್ಣಕ್ಕೂ ಮೊದಲು ಈ ಸೀಮೆಯ ಒಕ್ಕಲಿಗನಿಗೆ ಸಮತಳದ ಪಾಠ ಕಲಿಸಿದ್ದು ಕಣ. ಹಿಂಗಾರಿ ಜೋಳ ಕೊಯ್ಲಿಗೆ ಬರುವ ಮುನ್ನ ಹೊಲದ ಒಂದು ಭಾಗವನ್ನು ಕೆರೆದು, ನೀರು ಹೊಡೆದು, ಎತ್ತುಗಳನ್ನು ಸುತ್ತ ತುಳಿಸಿ, ಕಲ್ಲಿನ ಗುಂಡು ಎಳೆದು, ಮೇಲೆ ಹೆಂಡಿ ಸಾರಿಸಿ ಸಿದ್ಧಪಡಿಸುತ್ತಿದ್ದ ವರ್ತುಲಾಕಾರದ ನೆಲವದು. ನಡುವೆ ಮೇಟಿ, ಅದರ ಸುತ್ತ ಹಂತಿ. ಕಣದಲ್ಲಿ ತಗ್ಗಿದ್ದರೆ ಕಾಳು ಅಲ್ಲಿ ಕೂಡುತ್ತದೆ, ಬಿರುಕಿದ್ದರೆ ಒಳಗೆ ಹೋಗುತ್ತದೆ. ಆದ್ದರಿಂದ ಮಟ್ಟವೆಂಬುದು ಕಣ್ಣಿನ ಅಂದದ ಮಾತಾಗಿರದೆ ಹೊಟ್ಟೆಯ ಲೆಕ್ಕವಾಗಿತ್ತು. ಮನೆಯೊಳಗೆ ಇದೇ ಕೆಲಸ ಹೆಂಗಸರದು. ಮಣ್ಣಿನ ನೆಲದ ತಗ್ಗನ್ನು ಅಂಗೈಯಿಂದ ಕಂಡುಹಿಡಿದು, ತುಂಬಿ, ಹೆಂಡಿಯಿಂದ ಸಾರಿಸುವುದು ವಾರ ವಾರದ ಕಾಯಕ. ಕನ್ನಡದ ‘ಸಾರಿಸು’ ಮತ್ತು ಮರಾಠಿಯ ‘ಸಾರವಣೇ’ ಒಂದೇ ಕ್ರಿಯೆಗೆ ಒಂದೇ ಬಗೆಯ ಶಬ್ದಗಳು. ಯಾವುದು ಯಾವುದಕ್ಕೆ ಸಾಲ ಕೊಟ್ಟಿತು ಎಂಬ ಜಗಳ ಹೂಡುವುದಕ್ಕಿಂತ, ಎರಡೂ ಭಾಷೆಗಳ ಮನೆಗಳಲ್ಲಿ ಈ ಕೆಲಸಕ್ಕೆ ಉಪಕರಣವೇ ಇರಲಿಲ್ಲ, ಕೈಯೇ ಉಪಕರಣವಾಗಿತ್ತು ಎಂಬುದನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಉಪಕರಣವಿಲ್ಲದ ಕಡೆ ಹೊರಗಿನ ಹೆಸರೂ ಬರುವುದಿಲ್ಲ.

ನೀರನ್ನು ಮಟ್ಟದ ಸಾಕ್ಷಿಯಾಗಿ ಹಿಡಿಯುವ ಪದ್ಧತಿಯೂ ಹಳೆಯದೇ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರದ ಆರಂಭದಲ್ಲಿ, ದಿಕ್ಕನ್ನು ನಿರ್ಣಯಿಸುವ ಶಂಕುವನ್ನು ನಿಲ್ಲಿಸಬೇಕಾದ ನೆಲ ಎಂಥದಿರಬೇಕು ಎಂಬ ವಿಧಿಯಿದೆ: ನೀರಿನಿಂದ ಸಮಗೊಳಿಸಿದ ಶಿಲಾತಲ, ಇಲ್ಲವೆ ಸಮವಾಗಿ ಮಾಡಿದ ಗಟ್ಟಿ ಲೇಪದ ನೆಲ. ಖಗೋಳದ ಲೆಕ್ಕ ನೆಲದ ಮಟ್ಟದಿಂದ ಶುರುವಾಗುತ್ತದೆ ಎಂಬುದು ಗೌಂಡಿಗಳಿಗೆ ಹೇಳಬೇಕಾದ ಮಾತು, ಅವರು ಸಂತೋಷಪಟ್ಟಾರು.

ಗಚ್ಚಿನ ನೆಲ ಈ ಸೀಮೆಗೆ ಬಂದದ್ದು ವಿಜಯಪುರದ ದೊರೆತನದ ಜೊತೆಗೆ. ಜತ್ತಿನ ಡಫಳೆ ಮನೆತನವೂ ಆದಿಲಶಾಹಿಯ ಕಾಲದಲ್ಲೇ ಮೇಲೆ ಬಂದದ್ದು. ಗಚ್ಚು, ಗಿಲಾವ, ಫರಸಿ, ರಂಧಾ ಮುಂತಾದ ಶಬ್ದಗಳ ಪಾರಸಿ ಮತ್ತು ಅರಬ್ಬಿ ಬೇರುಗಳು ಈ ನಂಟಿನ ಗುರುತುಗಳು. ಪಾರಸಿಯಲ್ಲಿ ‘ಗಿಲ್’ ಎಂದರೆ ಮಣ್ಣು, ‘ಆಬ್’ ಎಂದರೆ ನೀರು. ಅರಬ್ಬಿಯ ‘ಫರ್ಶ್’ ಎಂದರೆ ಹಾಸು. ವಿಜಯಪುರದ ಕಟ್ಟಡಗಾರರಿಗೆ ಮಟ್ಟದ ಜ್ಞಾನ ಎಷ್ಟಿತ್ತೆಂಬುದಕ್ಕೆ ಗೋಲಗುಮ್ಮಟಕ್ಕಿಂತ ಒಳ್ಳೆಯ ಸಾಕ್ಷಿ ಅವರ ನೀರಿನ ವ್ಯವಸ್ಥೆ. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿಯುತ್ತಿತ್ತು. ನಡುನಡುವೆ ‘ಗಂಜ್’ ಎಂಬ ಗೋಪುರಗಳು ಅದರ ಒತ್ತಡವನ್ನು ತಗ್ಗಿಸುತ್ತಿದ್ದವು. ಇಳಿಜಾರನ್ನು ಸೂಕ್ಷ್ಮವಾಗಿ ಅಳೆಯದೆ ಅದು ಆಗುವ ಕೆಲಸವಲ್ಲ.

ಸುಣ್ಣದ ನೆಲದ ರೀತಿಯೇ ಬೇರೆ. ಎತ್ತಿನ ಗಾಣದಲ್ಲಿ ಅರೆದ ಗಾರೆಗೆ ಇಟ್ಟಿಗೆಯ ಚೂರು ಬೆರೆಸಿ ಹಾಸಿ, ಸಾಲಾಗಿ ಕುಳಿತು ಕೊಡತಿಯಿಂದ ಕುಟ್ಟುತ್ತ ಹೋಗಬೇಕು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಚಿಮುಕಿಸಬೇಕು. ಸುಣ್ಣ ನಿಧಾನವಾಗಿ ಗಟ್ಟಿಯಾಗುವುದರಿಂದ ತಪ್ಪನ್ನು ಮರುದಿನವೂ ತಿದ್ದಬಹುದು. ಮಟ್ಟ ಎಂಬುದು ಮೊದಲೇ ಕೊಟ್ಟದ್ದಲ್ಲ, ಕುಟ್ಟುತ್ತ ಕುಟ್ಟುತ್ತ ಬರುವಂಥದು. ಇದು ಅರಮನೆ, ಗುಡಿ, ವಾಡೆಗಳ ನೆಲ. ಒಕ್ಕಲಿಗನ ಪಡಸಾಲೆಗೆ ಎಟುಕಿದ್ದಲ್ಲ.

ಅವನಿಗೆ ಮೊದಲು ಎಟುಕಿದ್ದು ಕಲ್ಲಿನ ಫರಸಿ, ಅದೂ ರೈಲಿನಿಂದಾಗಿ. ಸೋಲಾಪುರದ ಕಡೆಯಿಂದ ಬಂದ ರೈಲುಹಾದಿ 1871ರಲ್ಲಿ ರಾಯಚೂರನ್ನು ಮುಟ್ಟಿತು; ಶಹಾಬಾದ ಆ ಹಾದಿಯ ಮೇಲಿದೆ. 1884ರಲ್ಲಿ ಹೋಟಗಿ–ಗದಗ ಹಾದಿ ವಿಜಯಪುರವನ್ನು ಅದಕ್ಕೆ ಜೋಡಿಸಿತು. ಭೀಮಾ ಕಣಿವೆಯ ಸುಣ್ಣಕಲ್ಲು ಪದರು ಪದರಾಗಿ ಏಳುವಂಥದು; ಗಣಿಯಿಂದ ಎಬ್ಬಿಸಿದಾಗಲೇ ಅದರ ಮುಖ ಬಹುಪಾಲು ಸಮ. ‘ಶಹಾಬಾದಿ ಫರಸಿ’ ಎಂಬುದು ಮಹಾರಾಷ್ಟ್ರದಲ್ಲಿ ಇಂದಿಗೂ ಮನೆಮಾತು. ಫರಸಿ ಹಾಸುವವನು ಮೂಲೆಯಿಂದ ಮೂಲೆಗೆ ದಾರ ಎಳೆದು, ಕಲ್ಲನ್ನು ಒಂದೊಂದಾಗಿ ತಟ್ಟಿ ಕೂರಿಸುತ್ತಾನೆ. ಇಲ್ಲಿ ಮಟ್ಟ ದಾರದಲ್ಲಿದೆ, ಕಲ್ಲು ಅದಕ್ಕೆ ಶರಣಾಗಬೇಕು. ಮೂಲೆ ನೋಡುವ ಗುಣ್ಯಾ, ತೂಗುಬಿಡುವ ಓಳಂಬಾ, ತಟ್ಟುವ ಥಾಪಿ ಇವೆಲ್ಲ ಮರಾಠಿಯ ಹೆಸರುಗಳು.

ಅದೇ ಶಹಾಬಾದಿನ ಸುಣ್ಣಕಲ್ಲು ಮುಂದೆ ಸಿಮೆಂಟೂ ಆಯಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಾರ್ಖಾನೆಯೂ ಅದರಲ್ಲಿ ಸೇರಿತ್ತು. ಆದರೂ ಸಿಮೆಂಟು ಹಳ್ಳಿಯ ನೆಲಕ್ಕೆ ಇಳಿಯಲು ದಶಕಗಳೇ ಬೇಕಾದವು. ಸ್ವಾತಂತ್ರ್ಯದ ನಂತರದ ಬಹುಕಾಲ ಅದರ ಬೆಲೆ ಮತ್ತು ಹಂಚಿಕೆ ಸರ್ಕಾರದ ಹತೋಟಿಯಲ್ಲಿದ್ದು, ಕೆಲವು ಚೀಲಗಳಿಗೂ ಪರವಾನಿಗೆ ಹಿಡಿದು ಅಲೆಯಬೇಕಿತ್ತು. ಸಿಮೆಂಟು ಎಷ್ಟು ದುರ್ಲಭವಾಗಿತ್ತೆಂದರೆ ಅದರ ಹಂಚಿಕೆಯ ವಿವಾದದಲ್ಲಿ, ಹೈಕೋರ್ಟಿನ ತೀರ್ಪಿನ ಬೆನ್ನಿಗೆ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆಯವರು 1982ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮರು ತಿಂಗಳೇ ಕೇಂದ್ರ ಸರ್ಕಾರ ಹತೋಟಿಯನ್ನು ಭಾಗಶಃ ಸಡಿಲಿಸಿತು. 1989ರ ಮಾರ್ಚಿನಲ್ಲಿ ಪೂರ್ತಿ ತೆಗೆದುಹಾಕಿತು. ಜತ್ತಿನಂಥ ಬರಪೀಡಿತ ತಾಲೂಕಿನ ಸಾಮಾನ್ಯ ಮನೆಯಲ್ಲಿ ಹೆಂಡಿಯ ನೆಲ ಹೋಗಿ ಕೋಬಾ ಬಂದ ಚರಿತ್ರೆಯನ್ನು ಬರೆಯುವವರು ಈ ಎರಡು ವರ್ಷಗಳನ್ನು ರಾಜವಂಶಗಳ ತೇದಿಗಳಷ್ಟೇ ಮುಖ್ಯವಾಗಿ ಎಣಿಸಬೇಕೆಂದು ನನ್ನ ಅಭಿಪ್ರಾಯ.

ಕೋಬಾದ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮಾತಿನ ಭೇದ ಹುಟ್ಟುವುದು ಅಲ್ಲಿಯೇ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ನೆಲ ಅದರೊಡನೆಯೇ ಏಳುತ್ತದೆ, ಒಡೆಯುತ್ತದೆ. ಆದ್ದರಿಂದ ಎರೆಯನ್ನು ತೆಗೆದು ಮುರುಮ ತುಂಬಿ, ನೀರುಣಿಸಿ, ದಿಮ್ಮಸಿನಿಂದ ಬಡಿಯುತ್ತಾರೆ. ಮೇಲೆ ಕಲ್ಲು ಒಟ್ಟಿ, ಖಡಿ ಮತ್ತು ಉಸುಕಿನ ಬಡ ಕಾಂಕ್ರೀಟು ಹಾಸುತ್ತಾರೆ. ಆಮೇಲೆ ಮಟ್ಟ ತರುವುದು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ, ಗುಳ್ಳೆಯಿಲ್ಲದಂತೆ ನೋಡಿ, ಒಂದು ತುದಿಯನ್ನು ಹೊಸ್ತಿಲ ಬಳಿ, ಇನ್ನೊಂದನ್ನು ದೂರದ ಮೂಲೆಯಲ್ಲಿ ಹಿಡಿಯುತ್ತಾರೆ. ಎರಡೂ ತುದಿಗಳಲ್ಲಿ ನೀರು ನಿಂತ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿದರೆ ಕೋಣೆಯ ಸುತ್ತ ಒಂದೇ ಮಟ್ಟದ ಗೆರೆ ಸಿಗುತ್ತದೆ. ಆ ಗೆರೆಯಿಂದ ಕೆಳಗೆ ಸಮ ಅಳತೆ ಹಿಡಿದು ಅಲ್ಲಲ್ಲಿ ಕಲಸಿದ ಸಿಮೆಂಟಿನ ಸಣ್ಣ ಗುಡ್ಡೆಗಳನ್ನು ಕೂರಿಸುತ್ತಾರೆ. ಬಚ್ಚಲ ಕಡೆಗೆ ನೀರು ಹರಿಯಬೇಕಾದಲ್ಲಿ ಗುಡ್ಡೆಯನ್ನು ಬೇಕೆಂದೇ ಸ್ವಲ್ಪ ತಗ್ಗಿಸುತ್ತಾರೆ. ಮಟ್ಟ ಗೊತ್ತಿದ್ದವನಿಗೆ ಮಾತ್ರ ಮಟ್ಟ ತಪ್ಪಿಸುವುದೂ ಗೊತ್ತು. ಗುಡ್ಡೆಗಳ ನಡುವೆ ಕಾಂಕ್ರೀಟು ಸುರಿದು ಉದ್ದನೆಯ ಪಟ್ಟಿಯನ್ನು ಗರಗಸದಂತೆ ಆಡಿಸುತ್ತ ಹಿಂದಕ್ಕೆ ಎಳೆಯುತ್ತಾರೆ. ಈ ಪಟ್ಟಿ ಮೊದಲು ಕಟ್ಟಿಗೆಯದಿತ್ತು. ನೀರು ಕುಡಿದು ಸೊಟ್ಟಾಗುತ್ತಿದ್ದುದರಿಂದ ಈಗ ಅಲ್ಯುಮಿನಿಯಂ ಕೊಳವೆ. ಆಮೇಲೆ ಕಟ್ಟಿಗೆಯ ರಂಧಾ, ಕೊನೆಗೆ ಉಕ್ಕಿನ ತಗಡಿನ ನುಣುಪು.

ಎಲ್ಲಕ್ಕೂ ಕಾಲದ ಕಟ್ಟುಪಾಡಿದೆ. ಭಾರತೀಯ ಮಾನಕದಂತೆ ಸಾಮಾನ್ಯ ಸಿಮೆಂಟಿನ ಆರಂಭದ ಹಿಡಿತಕ್ಕೆ ಕನಿಷ್ಠ 30 ನಿಮಿಷ, ಪೂರ್ಣ ಹಿಡಿತಕ್ಕೆ ಗರಿಷ್ಠ 600 ನಿಮಿಷ. ಕಾಂಕ್ರೀಟು ಕೂತ ಮೇಲೆ ಒಳಗಿನ ನೀರು ಮೇಲಕ್ಕೆ ಬಂದು ಹೊಳೆಯುತ್ತದೆ. ಆ ಹೊಳಪು ಆರುವ ಮೊದಲೇ ಉಕ್ಕಿನ ತಗಡು ಆಡಿಸಿದರೆ ನೀರು ಒಳಗೇ ಸಿಕ್ಕಿಕೊಂಡು ಮೇಲ್ಪದರ ದುರ್ಬಲವಾಗುತ್ತದೆ. ತಡವಾದರೆ ತಗಡು ಓಡುವುದಿಲ್ಲ. ಆತುರಗಾರರು ಒಣ ಸಿಮೆಂಟು ಉದುರಿಸಿ ನೀರು ಹೀರಿಸುತ್ತಾರೆ. ಅಂಥ ನೆಲ ವರ್ಷ ತುಂಬುವುದರೊಳಗೆ ಜೇಡನ ಬಲೆಯಂತೆ ಬಿರಿದು ಧೂಳೇಳುತ್ತದೆ. ಸರಿಯಾದ ಆ ಗಳಿಗೆಗೆ ಕನ್ನಡದಲ್ಲಿ ಒಂದೇ ಶಬ್ದ: ಹದ. ಹಿಟ್ಟಿಗೂ ಹೊಲಕ್ಕೂ ಇರುವ ಅದೇ ಹದ. ಅದನ್ನು ತೋರಿಸುವ ಉಪಕರಣವಿಲ್ಲ, ಬೆರಳೊತ್ತಿ ನೋಡಬೇಕು. ಸಾರಿಸುವ ಕೈಯ ಜ್ಞಾನ ಇಲ್ಲಿ ಗೌಂಡಿಯ ಕೈಗೆ ಬಂದಿದೆ, ತನ್ನ ಮಾತನ್ನೂ ಜೊತೆಗೆ ತಂದಿದೆ. ಥಾಪಿ, ರಂಧಾಗಳನ್ನು ಪೇಟೆಯಲ್ಲಿ ಕೊಳ್ಳುವಾಗ ಹೆಸರೂ ಕೂಡ ಬರುತ್ತದೆ. ಹದವನ್ನು ಮಾರುವ ಪೇಟೆ ಇಲ್ಲ. ‘ಮಟ್ಟ’ದ ಸಂಗತಿ ಇನ್ನೂ ಹಳೆಯದು: ತಮಿಳಿನ ಮಟ್ಟಂ, ತೆಲುಗಿನ ಮಟ್ಟಮು ಅದರ ಒಡಹುಟ್ಟುಗಳು.

ಹಾಕಿದ ನೆಲಕ್ಕೆ ನೀರುಣಿಸುವುದು ಈ ಸೀಮೆಯಲ್ಲಿ ತೀರ ಕಷ್ಟದ ಘಟ್ಟ. ಕನಿಷ್ಠ 7 ದಿನ, ಒಣ ಬಿಸಿಲಿನಲ್ಲಿ ಕನಿಷ್ಠ 10 ದಿನ ನೆಲ ತೇವವಾಗಿರಬೇಕೆಂಬುದು ಮಾನಕದ ವಿಧಿ. ಟ್ಯಾಂಕರಿನ ನೀರಿಗೆ ಕೊಡ ಹಿಡಿದು ಕಾಯುವ ಊರಲ್ಲಿ ಹತ್ತು ದಿನ ನೆಲಕ್ಕೆ ನೀರು ಕೊಡುವುದು ಸಣ್ಣ ಮಾತಲ್ಲ. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತ ತಾಲೂಕಿಗೆ ಹರಿದದ್ದು ರಾಜಕೀಯದ ಸುದ್ದಿಯಾಯಿತು. ನೀರು ಮಾತ್ರ ನೆಲದ ಮಟ್ಟವನ್ನಷ್ಟೇ ನೋಡಿ ಹರಿಯಿತು.

ಈಗ ಆಡಳಿತದ ಕಡೆಗೆ. ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರವರೆಗೆ ವಿಜಯಪುರವೂ ಜತ್ತವೂ ಒಂದೇ ರಾಜ್ಯದಲ್ಲಿದ್ದವು, ಎರಡೂ ಕಡೆ ಒಂದೇ ಲೋಕೋಪಯೋಗಿ ಪದ್ಧತಿ. ಆಮೇಲೆ ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿ ಅಲ್ಲಿನ ಕನ್ನಡವನ್ನು ಪಡೆಯಿತು. ಜತ್ತ 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು; ಅದೇ ವರ್ಷ ಸ್ಥಾಪನೆಯಾದ ಆ ರಾಜ್ಯದ ಭಾಷಾ ಸಂಚಾಲನಾಲಯ ಮರಾಠಿಯಲ್ಲಿ ಪರಿಭಾಷಾ ಕೋಶಗಳನ್ನು ಹೊರತರುತ್ತ ಬಂತು. ಹೀಗೆ ದಕ್ಷಿಣದ ಕನ್ನಡದಲ್ಲಿ ‘ರಸಮಟ್ಟ’ವೆನಿಸಿದ್ದು ಮರಾಠಿಯ ಪುಸ್ತಕದಲ್ಲಿ ‘ಪಾಣಸಳ’ವಾಯಿತು. ತಿಕೋಂಡಿಯ ಗೌಂಡಿ ಎರಡನ್ನೂ ಬಿಟ್ಟು ‘ಲೆವಲ್’ ಎನ್ನುತ್ತಾನೆ. ಬಾಲಭಾರತಿಯ ಕನ್ನಡ ಪಠ್ಯಗಳನ್ನು ಓದಿ ಬೆಳೆದ ಹುಡುಗ ಕಟ್ಟಡದ ಕೆಲಸಕ್ಕೆ ಸೇರಿದರೆ ಅವನ ಕಸುಬಿನ ಬರಹ, ನೋಂದಣಿಯ ಅರ್ಜಿಯಿಂದ ತರಬೇತಿಯ ಪುಸ್ತಕದವರೆಗೆ, ಮರಾಠಿಯದು ಇಲ್ಲವೆ ಇಂಗ್ಲಿಷಿನದು. ಅವನು ದಿನವೂ ಬಳಸುವ ಹದ, ಓರೆ, ತಗ್ಗುದಿನ್ನಿಗಳು ಕಸುಬಿನ ಶಬ್ದಗಳೆಂದು ಯಾವ ರಾಜ್ಯದ ಕಾಗದದಲ್ಲೂ ದಾಖಲಾಗುವುದಿಲ್ಲ. ಅವು ಬರಿಯ ಆಡುಮಾತು ಎನಿಸಿಕೊಳ್ಳುತ್ತವೆ. ಕೆಲಸದ ಗುಣವನ್ನು ನಿರ್ಧರಿಸುವ ಜ್ಞಾನ ಇರುವುದು ಆ ಆಡುಮಾತಿನಲ್ಲಿ.

ತೆಲುಗಿನವರು ಈ ಕೆಲಸವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡರು. ಭದ್ರಿರಾಜು ಕೃಷ್ಣಮೂರ್ತಿಯವರ ಮಾಂಡಲಿಕ ವೃತ್ತಿಪದಕೋಶದ ಕೃಷಿ ಸಂಪುಟ 1962ರಲ್ಲಿ ಬಂತು. ಜಿಲ್ಲೆ ಜಿಲ್ಲೆಗೆ ಹೋಗಿ ಕಸುಬುದಾರರ ಬಾಯಿಂದಲೇ ಕೂಡಿಸಿದ ಶಬ್ದಗಳು ಅವು. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರಗಳ ಕನ್ನಡಕ್ಕೆ ಅಂಥದೊಂದು ಬೇಕು. ಅದರಲ್ಲಿ ಥಾಪಿ, ರಂಧಾ, ಕೋಬಾಗಳನ್ನು ಪರಭಾಷೆಯವೆಂದು ಹೊರಗಿಡಬಾರದು. ಕೋಬಾ ಈಗ ಆ ಮನೆಗಳ ನೆಲ. ಅದನ್ನು ‘ಕಾಂಕ್ರೀಟ್ ಸಮತಳ’ವೆಂದು ಶುದ್ಧಗೊಳಿಸಿದರೆ ಅದರ ಮೇಲೆ ಯಾರೂ ಕೂರಲಾರರು.

ದೊಡ್ಡ ಉಗ್ರಾಣಗಳ ನೆಲಕ್ಕೆ ಈಗ ಕಂಪನದ ಪಟ್ಟಿ, ನೀರು ಹೀರುವ ಯಂತ್ರ, ತಿರುಗುವ ರೆಕ್ಕೆಗಳ ನುಣುಪು ಯಂತ್ರಗಳು ಬಂದಿವೆ. ಗೋಡೆಯ ಸುತ್ತ ಹಸಿರು ಗೆರೆ ಎಳೆಯುವ ಲೇಸರೂ ಬಂದಿದೆ, ಎರಡೂ ಭಾಷೆಗಳಲ್ಲಿ ಅದೇ ಹೆಸರಿನಿಂದ. ನೆಲ ಒಣಗಿದ ಮೇಲೆ ಮನೆಯ ಹೆಣ್ಣುಮಗಳು ಒಂದು ತಂಬಿಗೆ ನೀರು ಸುರಿದು ಅದು ಎತ್ತ ಹೋಗುತ್ತದೆಂದು ನೋಡುತ್ತಾಳೆ. ಬಚ್ಚಲಿಗೆ ಹೋಗದೆ ನಡುವೆ ಎಲ್ಲಾದರೂ ಕೂಡಿದರೆ ಗೌಂಡಿಯನ್ನು ಕರೆದು ಹೇಳುವ ಮಾತು: ‘ಇಲ್ಲಿ ತಗ್ಗ ಬಿದ್ದೈತಿ ನೋಡಪ್ಪಾ, ನೀರ ನಿಂತೈತಿ.’