ಬಳಿಯೂ ರಕ್ತವೂ

ನಮ್ಮ ಎಲ್ಲೂರಿನ ಕಡೆ ನೆಂಟಸ್ತಿಕೆಯ ಮಾತು ಎದ್ದಿತೆಂದರೆ ಹಿರಿಯರು ಮೊದಲು ಕೇಳುವುದು ‘ಬಳಿ ಯಾವುದು?’ ಎಂದು. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಮುಖಪರಿಚಯವಿಲ್ಲದಿದ್ದರೂ ಒಡಹುಟ್ಟಿದವರಂತೆ. ಸೋದರಮಾವನ ಮಗಳಿಗೋ ಅವಳ ತಾಯಿಯ ಬಳಿ. ಅವಳನ್ನು ತರಲು ಅಡ್ಡಿಯಿಲ್ಲ. ಹುಟ್ಟಲಿರುವ ಮಗುವಿನ ರಕ್ತದ ಚಿಂತೆ ನಮ್ಮ ಹಿರಿಯರಿಗೂ ಇತ್ತೆಂದು ತರಗತಿಯಲ್ಲಿ ನಾನು ಬಹುಕಾಲ ಹೆಮ್ಮೆಯಿಂದ ಹೇಳುತ್ತಿದ್ದೆ.

ಆ ಹೆಮ್ಮೆ ಇಳಿದದ್ದು ನೆಂಟರ ಮನೆಯೊಂದರಲ್ಲಿ. ಸೋದರಮಾವನ ಮಗಳನ್ನೇ ತಂದ ಮನೆ. ಮೊದಲ ಮಗನಿಗೆ ಥಲಸ್ಸೀಮಿಯಾ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ತಂದೆತಾಯಿ ಆರೋಗ್ಯವಂತರೇ, ದೋಷದ ಒಂದೊಂದು ಪಾಲನ್ನು ಅರಿಯದೆ ಹೊತ್ತವರು. ಇಂಥವರಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಭಯ. ಅಣ್ಣತಂಗಿಯರಿಗೆ ಇಳಿದು, ಅವರ ಮಕ್ಕಳ ಮದುವೆಯಲ್ಲಿ ಮತ್ತೆ ಕೂಡುವ ಈ ಗುಪ್ತ ಆಸ್ತಿ ಬಳಿಯ ಲೆಕ್ಕಕ್ಕೆ ಸಿಗುವಂಥದಲ್ಲ.

ಅಮೆರಿಕದ ಥಾಮಸ್ ಕೂಲಿ ಎಂಬ ವೈದ್ಯರು ಈ ರೋಗವನ್ನು ವಿವರಿಸಿದ್ದು 1925ರಲ್ಲಿ. ಹೆಸರಿನೊಳಗಿರುವುದು ಗ್ರೀಕರ ‘ಥಲಸ್ಸ’, ಎಂದರೆ ಕಡಲು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಾಗ, ಇದನ್ನು ಗರ್ಭದಲ್ಲಿಯೇ ಕಾಣುವ ಉಪಾಯ ಲೋಕದಲ್ಲೆಲ್ಲೂ ಇರಲಿಲ್ಲ. ಅದು ಕೈಗೂಡಿದ್ದು 1970ರ ದಶಕದಲ್ಲಿ. ಈಗ ಹತ್ತು ಹನ್ನೊಂದು ವಾರಕ್ಕೇ ಮಾಸಿನ ತುಣುಕು ತೆಗೆದು ನೋಡುತ್ತಾರೆ. ಸೈಪ್ರಸ್ ದ್ವೀಪದ ಚರ್ಚು 1980ರ ದಶಕದಲ್ಲಿ ಮದುವೆಗೆ ಮುಂಚೆಯೇ ರಕ್ತಪರೀಕ್ಷೆಯ ಚೀಟಿ ಕೇಳತೊಡಗಿತು. ಪರೀಕ್ಷೆ ಆಗಿದೆಯೆಂದು ತಿಳಿದರೆ ಸಾಕು, ಮುಂದಿನದು ವಧೂವರರಿಗೆ ಬಿಟ್ಟದ್ದು. ನಮ್ಮಲ್ಲಿ ಜಾತಕ ಕೇಳಬಹುದು. ಈ ಚೀಟಿ ಕೇಳಿದರೆ ಸಂಬಂಧವೇ ಮುರಿದೀತು!

ಸೊಸೆ ಮತ್ತೆ ಬಸುರಿಯಾದಳು. “ನಮ್ಮ ಮನೆತನದ ರಕ್ತಕ್ಕೆ ಪರೀಕ್ಷೆಯೆ?” ಎಂದರು ಅತ್ತೆ. “ಅದು ಕಾನೂನಿಗೆ ವಿರುದ್ಧವಲ್ಲವೆ, ಮಾವ?” ಎಂದ ಮಗ. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಫಲಕ ಅವನ ಮನಸ್ಸಿನಲ್ಲಿತ್ತು. ಹೆಣ್ಣುಭ್ರೂಣಗಳ ಹತ್ಯೆ ತಡೆಯಲು ಬಂದ 1994ರ ಕಾಯಿದೆ ನಿಷೇಧಿಸಿದ್ದು ಲಿಂಗ ಪತ್ತೆಯನ್ನು. ಹಿಮೋಗ್ಲೋಬಿನ್ನಿನ ದೋಷ ಹುಡುಕಲು ಅದೇ ಕಾಯಿದೆ ಅನುಮತಿ ಕೊಟ್ಟಿದೆ. ಇದನ್ನು ನಾನು ವಿವರಿಸಿದೆ, ಮೇಷ್ಟರ ಚಾಳಿಯಂತೆ ಸ್ವಲ್ಪ ಉದ್ದವಾಗಿಯೇ.

ಸೊಸೆ ಕೇಳುತ್ತಿದ್ದಳು. ಹುಡುಗ ಅವಳ ಮಡಿಲಲ್ಲಿ ನಿದ್ದೆಹೋಗಿದ್ದ. “ಇದೆ ಎಂದು ಬಂದರೆ, ಇವನ ಮುಖ ನೋಡಿಕೊಂಡು ಅದು ಬೇಡ ಎನ್ನುವುದು ಹೇಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹನ್ನೊಂದನೆಯ ವಾರದಲ್ಲಿ ಅವಳು ಪರೀಕ್ಷೆಗೆ ಹೋದಳು. ಜೊತೆಗೆ ಹೋದದ್ದು ಅತ್ತೆಯೇ. ಆಕೆ ಅವಳ ತಂದೆಯ ಒಡಹುಟ್ಟಿದ ಅಕ್ಕ.